ದೃಢೀಕರಣವಾದ ಹುಡುಗರಿಗೆ ಯಾವ ಪುಸ್ತಕ ಓದಿಸಲಿ?

ದೃಢೀಕರಣ (ಹರೆಯದವರು ತಮ್ಮ ವಿಶ್ವಾಸವನ್ನು ತಾವೇ ಒಪ್ಪಿಕೊಳ್ಳುವ ಚರ್ಚಿನ ವಿಧಿ) ಮುಗಿಸಿ ಕಾಲೇಜು, ಕೆಲಸ ಅಂತ ಹೋದ ಹುಡುಗರನ್ನು ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಉಳಿಸಿಕೊಳ್ಳಲು ಯಾವ ಪಾಠಪುಸ್ತಕ ಒಳ್ಳೆಯದು ಅಂತ ಕೇಳಿದ್ದೀರಿ. ಪುಸ್ತಕದ ಮಾತು ಆಮೇಲೆ, ಬ್ರದರ್. ನಾನೂ ಅಂಥ ಒಬ್ಬ ಹುಡುಗನ ಜೊತೆ ಕೂರಲು ಪುಸ್ತಕ ಹಿಡಿದೇ ಹೋದವನು. ಆ ಹುಡುಗ ಕೈತಪ್ಪಿದ್ದು ಶುಕ್ರವಾರದ ಪ್ರಾರ್ಥನಾ ಕೂಟದಲ್ಲಿ ನಾನಾಡಿದ ಒಂದು ಮಾತಿನಿಂದ.

ಪ್ರಾರ್ಥಿಸಿದರೂ ಏನೂ ಅನಿಸುವುದಿಲ್ಲ, ಆರಾಧನೆಗೆ ಬರುವುದು ಅಮ್ಮನಿಗೋಸ್ಕರ ಅಂತ ನನ್ನೊಬ್ಬನಿಗೆ ಹೇಳಿದ್ದ. ನಾನದನ್ನು ಪ್ರಾರ್ಥನಾ ವಿಜ್ಞಾಪನೆ ಮಾಡಿ ಎಲ್ಲರ ಮುಂದಿಟ್ಟೆ. ಹೆಸರೆತ್ತಲಿಲ್ಲ, 'ಪಿಜಿಯಲ್ಲಿರುವ ನಮ್ಮ ಒಬ್ಬ ತಮ್ಮನ ವಿಶ್ವಾಸಕ್ಕಾಗಿ' ಅಂದೆ ಅಷ್ಟೆ. 40 ಮನೆಯ ಸಭೆಯಲ್ಲಿ ಪಿಜಿಯಲ್ಲಿರುವ ತಮ್ಮಂದಿರು ಎಷ್ಟು ಮಂದಿ? ರಾತ್ರಿಯೊಳಗೆ ಅವನ ಅಮ್ಮನಿಗೆ ಮೂರು ಫೋನ್. ಚಾಡಿ ಅನಿಸಿದ್ದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಪ್ರಾರ್ಥನೆ ಅನಿಸಿತು, ಬಿಚ್ಚಿದೆ. ಹೆಂಡತಿಗೆ, ಸಭಾಪಾಲಕರಿಗೆ 'ಸುಮ್ಮನೆ ಪ್ರಾರ್ಥನೆಗೆ' ಅಂತ ಹೇಳುವುದೂ ಇದೇ ಲೆಕ್ಕ. ಹೇಳಲೇಬೇಕೆನಿಸಿದರೆ ಆ ವಾಕ್ಯವನ್ನು ಮೊದಲು ಅವನಿಗೇ ಹೇಳಿ, ಅವನು ಒಪ್ಪಿದರೆ ಮಾತ್ರ ಮುಂದೆ.

ಗುಟ್ಟಿಗೂ ಮಿತಿಯಿದೆ, ಅದು ಮೊದಲ ದಿನವೇ ಹುಡುಗನಿಗೆ ಗೊತ್ತಾಗಲಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯ ಬಂದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ಸಾಯುವ ಮಾತು ಬಂದರೆ ಒಬ್ಬನನ್ನೇ ಬಿಡಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 'ಪ್ರಾರ್ಥನೆ ಸಾಕು, ಮಾತ್ರೆ ಬೇಡ' ಅನ್ನುವವರು ಈ ಕೆಲಸಕ್ಕೆ ಬರಬಾರದು.

ಇನ್ನು ಪುಸ್ತಕ. ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ಮಾರ್ಕನ ಸುವಾರ್ತೆ ಸಾಕು. 16 ಅಧ್ಯಾಯ, 15 ದಿನಕ್ಕೊಂದು, 8 ತಿಂಗಳು. ಮುಗಿಯುವ ದಿನ ಗೊತ್ತಿದ್ದರೆ ಇಬ್ಬರಿಗೂ ಹಗುರ. ಕೂರುವುದು ಒಂದೂವರೆ ಗಂಟೆ. ಅದರಲ್ಲಿ ಮೊದಲ ಅರ್ಧ ಗಂಟೆ ಕೆಲಸ, ಬಾಡಿಗೆ, ಮನೆಯ ಮಾತು. ಇದನ್ನು ಕತ್ತರಿಸಿದರೆ ಉಳಿದದ್ದು ಪರೀಕ್ಷೆಯಾಗಿಬಿಡುತ್ತದೆ. ಅಧ್ಯಾಯವನ್ನು ಅವನೇ ಗಟ್ಟಿಯಾಗಿ ಓದಲಿ. 'ಇದರಲ್ಲಿ ನಿನಗೆ ಒಪ್ಪಲಾಗದ್ದು ಯಾವುದು?' ಅಂತ ಕೇಳಿ ಸುಮ್ಮನಾಗಿ. ಅವನು ಒಂದು ನಿಮಿಷ ಬಾಯಿ ಬಿಡದಿದ್ದರೂ ನೀವು ಬಿಡಬೇಡಿ. 9ನೇ ಅಧ್ಯಾಯದಲ್ಲಿ, ನಂಬುತ್ತೇನೆ ಅನ್ನುತ್ತಲೇ ತನ್ನ ಅಪನಂಬಿಕೆಗೆ ಸಹಾಯ ಬೇಡುವ ತಂದೆಯಿದ್ದಾನೆ. ಮೊದಲು ನಂಬಿಕೆ ಸರಿಮಾಡಿಕೊಂಡು ಬಾ ಅಂತ ಯೇಸು ಅವನನ್ನು ಅಟ್ಟಲಿಲ್ಲ, ಮಗನನ್ನು ಗುಣಪಡಿಸಿದ. ಅಲ್ಲಿ ಎರಡು ಭೇಟಿ ಹಿಡಿದರೂ ಹಿಡಿಯಲಿ.

ಹುಡುಗಿಯರ ಜೊತೆ ಕೂರಲು ಸಭೆಯ ಅಕ್ಕಂದಿರೇ ಬರಲಿ. ಜಾಗ ನಾಲ್ಕು ಜನರ ಕಣ್ಣಿಗೆ ಬೀಳಬೇಕು, ಕಿವಿಗೆ ಬೀಳಬಾರದು. ಸಾಲ ಮಾತ್ರ ಕೊಡಬೇಡಿ.

'ಉಳಿಸಿಕೊಳ್ಳಲು' ಅಂದಿರಲ್ಲ, ಆ ಪದ ನನಗೆ ಹಿಡಿಸಲಿಲ್ಲ, ಜೊತೆಗೆ ನಡೆಯಲು ಅನ್ನಿ. ಹಿಂದೆ ಅರ್ಧದಾರಿಯಲ್ಲಿ ಬಿಟ್ಟುಹೋಗಿದ್ದ ಮಾರ್ಕ ಬೇಡವೆಂದು ಅಪೊಸ್ತಲ ಪೌಲ ಹಟ ಹಿಡಿದದ್ದು ಬೈಬಲಿನ ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯದಲ್ಲಿದೆ. ಪೌಲನ ಜೊತೆಗಾರ ಬಾರ್ನಬ ಮಾತ್ರ ಮಾರ್ಕನನ್ನು ಕರೆದುಕೊಂಡು ಕುಪ್ರದ್ವೀಪಕ್ಕೆ (ಸೈಪ್ರಸ್) ಹಡಗು ಹತ್ತಿದ. ನೀವು ಓದಿಸಲಿರುವ ಸುವಾರ್ತೆ ಅದೇ ಮಾರ್ಕನದು ಅನ್ನುವುದು ಸಭೆಯ ಪರಂಪರೆ.

ನನ್ನ ಹುಡುಗ ಈಗ ಬೇರೆ ಸಭೆಗೆ ಹೋಗುತ್ತಾನೆ. ಸಿಕ್ಕಾಗ ಮಾತಾಡಿಸುತ್ತಾನೆ, ಊಟ ಆಯ್ತಾ ಅಣ್ಣ ಅನ್ನುವಷ್ಟು.