ಶೀಶಾ ಕೂಟಕ್ಕೆ ಹೋಗಿ, ಪೈಪು ಮಾತ್ರ ಬೇಡ

ಗಂಗಾವತಿಯಿಂದ ದುಬೈಗೆ ಹೋಗಿದ್ದೀರಿ, ಆಫೀಸಿನವರು ರಜೆಯ ಹಿಂದಿನ ರಾತ್ರಿ ಶೀಶಾ, ಅಂದರೆ ಹುಕ್ಕಾ, ಸೇದೋಕೆ ಕರೀತಾರೆ, ಹೊಗೆ ನೀರಲ್ಲಿ ಹಾದು ಬರೋದರಿಂದ ಏನೂ ಆಗಲ್ಲ ಅಲ್ವಾ ಅಂತ ಕೇಳಿದ್ದೀರಿ.

ಆಗುತ್ತದೆ. ನೀರು ಹೊಗೆಯನ್ನು ತಣ್ಣಗೆ ಮಾಡುತ್ತದೆ, ಅದರೊಳಗಿನ ವಿಷವನ್ನು ಸೋಸಿ ತೆಗೆಯುವುದಿಲ್ಲ. ತಣ್ಣಗಿರುವುದರಿಂದಲೇ ಗಂಟಲು ಉರಿಯಲ್ಲ, ಜಾಸ್ತಿ ಎಳೆದುಬಿಡುತ್ತೇವೆ. ಒಂದು ಸಿಗರೇಟಿಗೆ ಸುಮಾರು 20 ದಮ್ಮು. ಒಂದು ಗಂಟೆ ಶೀಶಾ ಮುಂದೆ ಕೂತರೆ 200ರ ಹತ್ತಿರ ಹೋಗುತ್ತದೆ.

ಹುಕ್ಕಾದ ಮೇಲೆ ತಂಬಾಕು ತುಂಬುವ ಚಿಲುಮೆ, ಅದಕ್ಕೆ ಫಾಯಿಲ್, ಫಾಯಿಲ್ ಮೇಲೆ ಕೆಂಡ. ಹುಡುಗ ಆಗಾಗ ಬಂದು ಇಕ್ಕಳದಿಂದ ಕೆಂಡ ಬದಲಿಸಿ ಹೋಗುತ್ತಾನೆ. ಆ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲ ಬರುತ್ತದೆ. ತಲೆ ಸುತ್ತಿದರೆ ಕಿಕ್ ಬಂತು ಅಂತ ಖುಷಿಪಡುತ್ತಾರೆ. ಅದು ಖುಷಿಪಡುವ ವಿಷಯವೇ ಅಲ್ಲ, ತಕ್ಷಣ ಎದ್ದು ಹೊರಗೆ ಗಾಳಿಗೆ ಬನ್ನಿ. ತಂಬಾಕಿಲ್ಲದ ಹರ್ಬಲ್ ಅಂದರೂ ಇದ್ದಿಲು ಅದೇ.

ಊರಿಗೆ ಬರುವಾಗ ಹುಕ್ಕಾ ತರಲೂಬೇಡಿ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ನಿಷೇಧಿಸಿದೆ.

ಹಾಗಂತ ರೂಮಿನಲ್ಲಿ ಒಬ್ಬರೇ ಕೂರಬೇಡಿ. ಹೊಸ ಜಾಗದಲ್ಲಿ ಒಂಟಿತನ ದೊಡ್ಡ ಕಷ್ಟ, ನನಗೆ ಗೊತ್ತು. ನಮ್ಮ ಕಡೆ ಸಂಜೆ ಒಗ್ಗರಣಿ-ಮಿರ್ಚಿ ಮುಂದಿಟ್ಟುಕೊಂಡು ಹರಟೆ ಹೊಡೆಯುವ ಹಾಗೆ ಅಲ್ಲಿಯವರಿಗೆ ಶೀಶಾ. ಅವರಿಗೂ ಬೇಕಿರೋದು ಜೊತೆ ಕೂರೋ ಮಂದಿ. ನಾನು ದೋಹಾದಲ್ಲಿದ್ದಾಗ ಕರಕ್ ಚಾಯ್ ತರಿಸಿಕೊಂಡು ಕೂರುತ್ತಿದ್ದೆ, ಪೈಪು ಬಂದರೆ ಪಕ್ಕದವರಿಗೆ ದಾಟಿಸುತ್ತಿದ್ದೆ. ಯಾರೂ ಒತ್ತಾಯ ಮಾಡಲಿಲ್ಲ. ಒಳಗೆ ಹೊಗೆ ತುಂಬಿರುತ್ತದೆ, ಹೊರಗಡೆ ಟೇಬಲ್ ಇದ್ದರೆ ಅಲ್ಲೇ ಕೂರಿ.