ಆ್ಯಪ್‌ಗಿಂತ ಮೊದಲು ಅಕ್ಷರ ಸರಿಪಡಿಸಿ

ನಮಸ್ಕಾರ್ರೀ. ಕಲಬುರಗಿಯ ನಿಮ್ಮ ನಿವೃತ್ತ ಶಿಕ್ಷಕರ ಸಂಘದ ವೆಬ್‌ಸೈಟ್ ಮೊಬೈಲ್‌ನಲ್ಲಿ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಬರುತ್ತವೆ, ಆ್ಯಪ್ ಮಾಡಿಸೋಣವೇ ಎಂದು ಕೇಳಿದ್ದೀರಿ. ಆ್ಯಪ್ ಸದ್ಯಕ್ಕೆ ಬೇಡ. ಸುಮ್ನೆ ಖರ್ಚು.

ತೊಂದರೆ ಇರುವುದು ಅಕ್ಷರದಲ್ಲಿ. ‘ನುಡಿ’, ‘ಬರಹ’ ಎಂಬ ಹಳೆಯ ಕನ್ನಡ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರ್‌ಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ಆ ಫಾಂಟ್ ಇದ್ದರಷ್ಟೇ ಕನ್ನಡವಾಗಿ ಕಾಣುತ್ತದೆ. ಮೊಬೈಲ್‌ನಲ್ಲಿ ಅದು ಇರುವುದಿಲ್ಲ. ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದರೂ ನಿಮ್ಮ ಪುಟ ಸಿಗುವುದಿಲ್ಲ. ಎಲ್ಲವನ್ನೂ ಯುನಿಕೋಡ್‌ಗೆ, ಅಂದರೆ ಎಲ್ಲ ಮೊಬೈಲ್, ಕಂಪ್ಯೂಟರ್‌ಗಳೂ ಕನ್ನಡವೆಂದೇ ಗುರುತಿಸುವ ಅಕ್ಷರ ಪದ್ಧತಿಗೆ ಬದಲಿಸಿ. ಉಚಿತ ಕನ್ವರ್ಟರ್‌ಗಳಿವೆ. ಆದರೆ ಒತ್ತಕ್ಷರ, ಅರ್ಕಾವೊತ್ತು ಎಡವಟ್ಟಾಗುವುದುಂಟು, ಹಾಗಾಗಿ ಇಬ್ಬರು ಕೂತು ಹಳೆಯ ರಿಜಿಸ್ಟರ್ ಜೊತೆ ಒಂದೊಂದೇ ಹೆಸರು ತಾಳೆ ನೋಡಿ. ಇಡೀ ಜೀವನ ಮಕ್ಕಳ ಕಾಗುಣಿತ ತಿದ್ದಿದವರ ಹೆಸರೇ ತಪ್ಪಾಗಿ ಬರಬಾರದು, ಅಲ್ವಾ?

ಡೊಮೇನ್, ಅಂದರೆ ವೆಬ್‌ಸೈಟ್‌ನ ವಿಳಾಸ, ಯಾರ ಹೆಸರಲ್ಲಿದೆ ಅಂತ ಇವತ್ತೇ ನೋಡಿ. ಸೈಟ್ ಮಾಡಿಕೊಟ್ಟವರ ಹೆಸರಲ್ಲಿದ್ದರೆ ಸಂಘದ ಹೆಸರಿಗೆ, ಸಂಘದ ಇಮೇಲ್‌ಗೆ ಬದಲಾಯಿಸಿಕೊಳ್ಳಿ. ಇಲ್ಲದಿದ್ದರೆ ಪದಾಧಿಕಾರಿಗಳು ಬದಲಾದಾಗ ಪಾಸ್‌ವರ್ಡ್ ಹುಡುಕುವುದೇ ಕೆಲಸವಾಗುತ್ತದೆ.

ವಾರ್ಷಿಕ ಚಂದಾಕ್ಕೆ ಸಂಘದ ಖಾತೆಯ ಯುಪಿಐ ಕ್ಯೂಆರ್ ಸಾಕು. ರಸೀದಿ ಪುಸ್ತಕ ಮಾತ್ರ ನಿಲ್ಲಿಸಬೇಡಿ. ಆಳಂದ, ಸೇಡಂ, ಚಿಂಚೋಳಿ ಕಡೆಯ ಹಿರಿಯರಲ್ಲಿ ನಗದು ಕೊಡುವವರೇ ಜಾಸ್ತಿ ಇರಬಹುದು.

ಇನ್ನೊಂದು ಮಾತು. ಸದಸ್ಯರ ಫೋನ್ ನಂಬರ್, ವಿಳಾಸ ಎಲ್ಲರಿಗೂ ಕಾಣುವ ಪುಟದಲ್ಲಿದ್ದರೆ ಮೊದಲು ತೆಗೆಯಿರಿ. ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ. ಪಿಂಚಣಿ ಹೆಸರಲ್ಲಿ ಕರೆ ಮಾಡಿ ಒಟಿಪಿ ಕೇಳುವ ಮೋಸಗಾರರಿಗೆ ಬೇಕಾಗಿರುವುದು ಇಂಥ ಪಟ್ಟಿಯೇ.