ಮಳೆ ಕಡಿಮೆ ಇರುವ ವಿಜಯಪುರದಲ್ಲೂ ದ್ರಾಕ್ಷಿಗೆ ಎಲೆರೋಗ ಯಾಕೆ ಬರುತ್ತದೆ?

ಸುಳ್ಯದ ಕಡೆ ರಬ್ಬರ್ ತೋಟ ಇದೆ ಅಂದಿದ್ದೀರಿ. ಜಡಿಮಳೆಗೆ ಎಲೆ ಉದುರುವುದನ್ನು ನೋಡಿದವರು ನೀವು. ಹಾಗಾಗಿ ನಮ್ಮ ಬಿಸಿಲುನಾಡಿನಲ್ಲಿ ದ್ರಾಕ್ಷಿಗೆ ರೋಗ ಎಲ್ಲಿಂದ ಬಂತು ಅನ್ನುವ ನಿಮ್ಮ ಪ್ರಶ್ನೆ ಸಹಜವೇ. ನಾನು ತಿಕೋಟಾ ಹತ್ತಿರ ಎರಡು ಎಕರೆ ಥಾಮ್ಸನ್ ತಳಿಯ ದ್ರಾಕ್ಷಿ ಬೆಳೆಯುತ್ತೇನೆ.

ಮಳೆ ಎಷ್ಟು ಬಿತ್ತು ಅನ್ನುವುದಕ್ಕಿಂತ ಎಲೆ ಎಷ್ಟು ಹೊತ್ತು ಒದ್ದೆ ಇತ್ತು ಅನ್ನುವುದೇ ದೊಡ್ಡದು.

ನಾವು ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತೇವೆ, ಅಂದರೆ ಬಳ್ಳಿ ಸವರುತ್ತೇವೆ. ಏಪ್ರಿಲ್ ಚಾಟ್ನಿ ಕಡ್ಡಿ ಬಲಿಯಲು, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಅಕ್ಟೋಬರ್‌ನಲ್ಲಿ ಎಳೆ ಚಿಗುರು ಹೊರಡುವ ಹೊತ್ತಿಗೇ ಹಿಂಗಾರಿ ಮೋಡ ಕವಿಯುತ್ತದೆ. ರಾತ್ರಿ ತಂಪು, ಬೆಳಗ್ಗೆ ಇಬ್ಬನಿ. ನೀವು ಕೇಳಿದ ಎಲೆರೋಗಗಳಲ್ಲಿ ಒಂದಾದ ಡೌನಿ ರೋಗಕ್ಕೆ ಅಷ್ಟು ಸಾಕು. ಗಾಳಿಯ ತೇವಾಂಶ ಶೇ. 95 ದಾಟಿದ ಕತ್ತಲ ರಾತ್ರಿಯಲ್ಲಿ ಎಲೆಯ ಅಡಿಗೆ ಬಿಳಿ ಬೂಜು ಏಳುತ್ತದೆ. ಅದರಿಂದ ಹೊರಡುವ ಬೀಜಾಣುಗಳಿಗೆ ಸಣ್ಣ ಬಾಲ ಇರುತ್ತವೆ. ಎಲೆ ಮೇಲಿನ ನೀರಿನ ಪದರದಲ್ಲಿ ಈಜಿಕೊಂಡು ಹೋಗಿ, ಎಲೆ ಉಸಿರಾಡುವ ರಂಧ್ರದಲ್ಲಿ ನುಗ್ಗುತ್ತವೆ. 20 ಡಿಗ್ರಿ ಆಸುಪಾಸು ಇದ್ದರೆ ಎರಡು ಮೂರು ಗಂಟೆಯ ಒದ್ದೆ ಸಾಕು. ಒಂದು ವಾರದೊಳಗೆ ಎಲೆ ಮೇಲೆ ಎಣ್ಣೆ ಹನಿ ಬಿದ್ದಂಥ ಹಳದಿ ಚುಕ್ಕೆ.

ಒಂದು ವರ್ಷ ಚಾಟ್ನಿ ಆಗಿ ಇಪ್ಪತ್ತು ದಿನಕ್ಕೆ ಮೂರು ದಿನ ಮೋಡ ಕವಿದಿತ್ತು. ಬಿದ್ದದ್ದು ಬರೀ ತುಂತುರು. ಇಷ್ಟಕ್ಕೆಲ್ಲ ಔಷಧಿ ಯಾಕೆ ಅಂತ ಸುಮ್ನೆ ಕೂತೆ. ಚಿಗುರು ದಟ್ಟವಾಗಿತ್ತು, ಒಳಗಿನ ಎಲೆ ಹತ್ತು ಗಂಟೆಯಾದರೂ ಆರುತ್ತಿರಲಿಲ್ಲ. ಹೂವಿಗೆ ಬರಬೇಕಿದ್ದ ಗೊಂಚಲುಗಳು ಕಂದು ಬಣ್ಣಕ್ಕೆ ತಿರುಗಿ ಒಣಗಿ ಹೋದವು. ಅರ್ಧ ತೋಟದಲ್ಲಿ ಕೈಗೆ ಏನೂ ಬರಲಿಲ್ಲ. ಆ ಸಾಲುಗಳ ನಡುವೆ ಓಡಾಡಿದ್ದು ಇವತ್ತಿಗೂ ನೆನಪಿದೆ.

ನಿಮಗೆ ಆಶ್ಚರ್ಯ ಆಗಬಹುದು. ನಿಮ್ಮ ಮಳೆಗಾಲದ ಎಲೆ ಉದುರುವ ರೋಗಕ್ಕೆ ಕಾರಣ ಫೈಟಾಫ್ತೊರಾ ಅನ್ನುವ ಸೂಕ್ಷ್ಮಜೀವಿ. ನಮ್ಮ ಡೌನಿ ಅದರ ದಾಯಾದಿಯೇ. ಎರಡನ್ನೂ ಶಿಲೀಂಧ್ರ ಅಂತ ಕರೆಯುವುದು ರೂಢಿ, ಆದರೆ ವಿಜ್ಞಾನಿಗಳು ಬೇರೆ ಗುಂಪಿಗೆ ಸೇರಿಸಿದ್ದಾರೆ. ಎರಡರ ಬೀಜಾಣುಗಳೂ ಈಜುತ್ತವೆ, ಎರಡಕ್ಕೂ ನೀರು ಬೇಕೇ ಬೇಕು.

ದ್ರಾಕ್ಷಿಗೆ ಬರುವ ಇನ್ನೊಂದು ರೋಗ, ಎಲೆ ಮೇಲೆ ಬೂದಿ ಎರಚಿದಂತೆ ಕಾಣುವ ಬೂದಿ ರೋಗ. ಅದರ ದಾರಿ ಬೇರೆ. ಅದಕ್ಕೆ ಎಲೆ ಒದ್ದೆಯಾಗಬೇಕಿಲ್ಲ, ಜೋರು ಮಳೆ ಬಂದರೆ ತೊಳೆದೇ ಹೋಗುತ್ತದೆ. ಮೋಡ, ನೆರಳು, ಹದವಾದ ತಂಪು ಇದ್ದರೆ ಹಬ್ಬುತ್ತದೆ. ರಬ್ಬರ್‌ಗೂ ಎಲೆ ಉದುರಿ ಹೊಸ ಚಿಗುರು ಬರುವಾಗ, ಮಂಜು ಬಿದ್ದರೆ ಬೂದಿ ರೋಗ ಬರುತ್ತದೆ ಅಲ್ವಾ?

ಈಗ ನಾನು ಚಿಗುರು ಜಾಸ್ತಿ ಬಿಡುವುದಿಲ್ಲ. ಗಾಳಿ, ಬಿಸಿಲು ಒಳಗೆ ಆಡಬೇಕು. ಮೋಡ ಕಂಡರೆ ರೋಗ ಬರುವ ಮೊದಲೇ ಸಿಂಪಡಣೆ. ಚುಕ್ಕೆ ಮೇಲೆ ಅನುಮಾನ ಬಂದರೆ ಆ ಎಲೆಯನ್ನು ಸಂಜೆ ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುತ್ತೇನೆ. ಡೌನಿ ಆಗಿದ್ದರೆ ಬೆಳಗ್ಗೆ ಅಡಿಭಾಗದಲ್ಲಿ ಬಿಳಿ ಬೂಜು ಎದ್ದಿರುತ್ತದೆ.